ಲೆಕ್ಕ ನಮ್ಮದು, ಕೊಳಗ ಅವರದು

ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದ ಕಥೆಯನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಜಗಳದ ಬೇರಿನಲ್ಲಿದ್ದ ಒಂದು ಸಂಗತಿಯನ್ನು ಮಾತ್ರ ನೆನಪು ಮಾಡಿಕೊಡುತ್ತೇನೆ. ಗೇಣಿಯ ಬತ್ತ ಅಳೆಯುವ ಕೊಳಗ ಒಡೆಯರ ಮನೆಯದಾಗಿತ್ತು. ಅದು ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ರೈತನು ಬೆಳೆದದ್ದು ಎಷ್ಟೆಂಬುದು ಕಣದಲ್ಲಿ ಹತ್ತು ಜನರಿಗೆ ಕಾಣುತ್ತಿತ್ತು. ಅಳೆದು ಕೊಟ್ಟದ್ದು ಎಷ್ಟೆಂಬುದು ಮಾತ್ರ ಒಡೆಯರ ಕೊಳಗದ ಹೊಟ್ಟೆಯೊಳಗೆ ಅಡಗಿ ಹೋಗುತ್ತಿತ್ತು. ಅಳತೆ ಎಲ್ಲರಿಗೂ ಒಂದೇ ಇರಲಿ ಎಂದು ಕೇಳಿದ್ದೇ ದೊಡ್ಡ ಅಪರಾಧವಾಯಿತು.

ಆಮೇಲೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು, ಕಾಲಕ್ರಮದಲ್ಲಿ ಸೇರು, ಪಾವು, ಕೊಳಗ, ಮಣಗಳು ಹೋಗಿ ಕಿಲೋ, ಲೀಟರುಗಳು ನೆಲೆಯಾದವು. ಈಗ ಸೊರಬದ ಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟವನೂ ತನ್ನ ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಬಟ್ಟು ಇಟ್ಟರೆ ದಂಡ. "ನನ್ನ ಕಿಲೋ ನನ್ನ ಸ್ವಂತದ್ದು, ಅದರೊಳಗೆ ಎಷ್ಟು ಗ್ರಾಮು ಎಂದು ಯಾರೂ ಕೇಳಕೂಡದು" ಎಂದು ಯಾವ ಅಂಗಡಿಕಾರನಾದರೂ ಹೇಳಿದರೆ ಗಿರಾಕಿಗಳು ಅವನನ್ನು ಹುಚ್ಚನೆಂದಾರು.

ಆದರೆ ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಕಂಪ್ಯೂಟರಿನೊಳಗೆ ಈ ಮಾತನ್ನು ರಾಜಾರೋಷವಾಗಿ ಆಡುವವರಿದ್ದಾರೆ. ಆಡಿ ಸುಮ್ಮನಾಗುವುದಿಲ್ಲ, ಬರೆದು ನಮ್ಮಿಂದಲೇ ಒಪ್ಪಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಲೈಸೆನ್ಸ್ ಎಂದು ಹೆಸರು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಷರತ್ತು. ಕೊನೆಯಲ್ಲಿ "ಒಪ್ಪಿದೆ" ಎಂಬ ಒಂದು ಗುಂಡಿ. ಗುಂಡಿ ಒತ್ತದಿದ್ದರೆ ತಂತ್ರಾಂಶ ಕೆಲಸ ಮಾಡದು. ಓದಿ ಒತ್ತಿದವರು ಈ ತಾಲೂಕಿನಲ್ಲಿ ಒಬ್ಬರೂ ನನಗೆ ಸಿಕ್ಕಿಲ್ಲ.

"ಇದು ಬೆಂಗಳೂರಿನವರ ತಲೆನೋವು ಮೇಷ್ಟ್ರೇ, ಅಡಿಕೆಗೆ ಕೊಳೆ ಬಂದಿದೆ, ಗಿರಣಿಯಲ್ಲಿ ಕೂಲಿ ಏರಿಲ್ಲ, ನೀವು ಲೈಸೆನ್ಸಿನ ಮಾತು ತೆಗೆಯುತ್ತೀರಲ್ಲ" ಎಂದು ಚಂದ್ರಗುತ್ತಿಯ ಒಬ್ಬ ಸಂಗಾತಿ ನನ್ನನ್ನು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಅವರ ಪಕ್ಕದಲ್ಲಿ ಕುಳಿತಿದ್ದ ಅಕ್ಕಿ ಗಿರಣಿಯ ಕೆಲಸಗಾರರೊಬ್ಬರೇ ಅದಕ್ಕೆ ಉತ್ತರ ಕೊಟ್ಟರು: "ನಮ್ಮ ಹಾಜರಿ ಮೊದಲು ಪುಸ್ತಕದಲ್ಲಿತ್ತು, ಬೆರಳಿಟ್ಟು ತೋರಿಸುತ್ತಿದ್ದೆವು. ಈಗ ಆ ಪೆಟ್ಟಿಗೆಯಲ್ಲಿದೆ. ಹಳೆಯ ಸಾಫ್ಟ್‌ವೇರ್ ಹೋಯಿತು, ಮೂರು ವರ್ಷದ ಹಿಂದಿನದು ತೆರೆಯುವುದಿಲ್ಲ ಎಂದು ಗುಮಾಸ್ತೆ ಹೇಳಿದರೆ ನಾವು ಏನು ಮಾಡಬೇಕು?" ಗುಮಾಸ್ತೆ ಸುಳ್ಳು ಹೇಳುತ್ತಿರಬಹುದು. ಅವನು ನಿಜ ಹೇಳುತ್ತಿರುವ ಸಂಭವವೂ ಅಷ್ಟೇ ಇದೆ ಎಂಬುದೇ ನನ್ನ ಇಂದಿನ ಲೇಖನದ ವಿಷಯ.

ಅದು ಹೇಗೆ ಎಂಬುದಕ್ಕೆ ನಮ್ಮ ಕನ್ನಡ ಅಕ್ಷರಗಳ ಪಾಡನ್ನೇ ನೋಡಬಹುದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಗೋಡೆಯಲ್ಲಿ 256 ಗೂಡುಗಳಿವೆ, ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರದ ಅಚ್ಚುಮೊಳೆ ಇಟ್ಟಿದೆ ಎಂದು ಭಾವಿಸಿರಿ. ಇಂಗ್ಲಿಷಿನವರು ಯಾವ ಗೂಡಿನಲ್ಲಿ ಯಾವ ಅಕ್ಷರವೆಂಬುದನ್ನು ಮೊದಲೇ ಒಡಂಬಡಿಕೆ ಮಾಡಿಕೊಂಡರು. ಅವರ ದೊಡ್ಡ 'ಎ' ಯಾವ ಕಂಪನಿಯ ಯಂತ್ರದಲ್ಲಿಯೇ ಆಗಲಿ 65ನೆಯ ಗೂಡಿನಲ್ಲಿರುತ್ತದೆ. ಆದುದರಿಂದ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆರೆಯಬಹುದು. ಕನ್ನಡದ ಅಕ್ಷರ ಮಾಡಿ ಮಾರಿದ ಕಂಪನಿಗಳು ಹಾಗೆ ಮಾಡಲಿಲ್ಲ. ಶ್ರೀಲಿಪಿಯದು ಒಂದು ಕ್ರಮ, ಆಕೃತಿಯದು ಒಂದು, ಪ್ರಕಾಶಕ್‌ನದು ಮತ್ತೊಂದು. ಭಾರತೀಯ ಮಾನಕ ಸಂಸ್ಥೆಯವರು 1991ರಲ್ಲಿಯೇ ಭಾರತದ ಲಿಪಿಗಳಿಗೆಲ್ಲ ಇಸ್ಕಿ ಎಂಬ ಸಾಮಾನ್ಯ ಸಂಕೇತವನ್ನು ಪ್ರಕಟಿಸಿದ್ದರು. ಅದೇ ವರ್ಷ ಜಗತ್ತಿನ ಲಿಪಿಗಳಿಗಾಗಿ ಯೂನಿಕೋಡ್ ಎಂಬುದು ಹೊರಬಂದು ಅದರಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತ್ತು. ಆದರೆ ಅಚ್ಚುಕೂಟಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ನಡೆದದ್ದು ಕಂಪನಿಗಳ ಗೂಡುಗಳೇ.

ಇದರ ರುಚಿಯನ್ನು ನಾನೇ ಉಂಡಿದ್ದೇನೆ. ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ನಾವೊಂದು ಸ್ಮರಣ ಸಂಚಿಕೆ ತಂದೆವು. ಚಂದ್ರಗುತ್ತಿಯ ಕೋಟೆ, ರೇಣುಕಾಂಬೆಯ ಗುಡಿ, ಗುಡಿಗಾರರ ಕೆತ್ತನೆ, ಊರಿನ ಮುದುಕರು ಮುದುಕಿಯರು ಹೇಳಿದ ಮಾತುಗಳು ಎಲ್ಲ ಅದರಲ್ಲಿದ್ದವು. ಕೆಲವು ವರ್ಷ ಕಳೆದ ಮೇಲೆ ಅದನ್ನು ಮತ್ತೆ ಅಚ್ಚು ಹಾಕಿಸೋಣವೆಂದು ಜೋಪಾನವಾಗಿಟ್ಟಿದ್ದ ತಟ್ಟೆಯನ್ನು ಬೇರೆ ಅಂಗಡಿಗೆ ಒಯ್ದೆವು. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ರಾಶಿ. ಕನ್ನಡದ ಒಂದು ಅಕ್ಷರವೂ ಇಲ್ಲ. ಮೊದಲು ಜೋಡಿಸಿದ ಅಂಗಡಿ ಮುಚ್ಚಿ ಹೋಗಿತ್ತು. ಆ ತಂತ್ರಾಂಶ ನಡೆಯಬೇಕಾದರೆ ಯಂತ್ರದ ಬೆನ್ನಿಗೆ ಬೀಗದಂಥ ಒಂದು ಗುಬಟು ಸಿಕ್ಕಿಸಬೇಕಾಗಿತ್ತಂತೆ. ಆ ಗುಬಟು ಅಂಗಡಿಯ ಜೊತೆಗೇ ಹೋಗಿತ್ತು. ಮಾತು ನಮ್ಮೂರಿನ ಅಜ್ಜಿಯದು, ಬರೆದವರು ನಮ್ಮ ಹುಡುಗರು, ಕಾಸು ಕೊಟ್ಟವರು ಪಾಲಕರು. ಬೀಗ ಮಾತ್ರ ನಾವು ಕಂಡು ಕೇಳದ ಕಂಪನಿಯದು. ಅಷ್ಟನ್ನೂ ಮೊದಲಿಂದ ಕೂತು ಟೈಪು ಮಾಡಿಸಿದೆವು. ಹೇಳಿದ ಮುದುಕರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅಚ್ಚಾದ ಪ್ರತಿಯೊಂದು ಇಲ್ಲದೆ ಹೋಗಿದ್ದರೆ ಟೈಪು ಮಾಡಿಸಲಿಕ್ಕೂ ಏನೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಬಾರದು. ಕನ್ನಡದ ಕೀಲಿಮಣೆಯಲ್ಲಿ ಈ ಅನ್ಯಾಯ ಅಷ್ಟಾಗಿ ನಡೆಯಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಎಲ್ಲರೂ ಕೆ. ಪಿ. ರಾವ್ ಎಂದು ಕರೆಯುವವರು, ಕನ್ನಡ ಬೆರಳಚ್ಚಿಗೆ ಒಂದು ಸರಳವಾದ ವಿನ್ಯಾಸ ಮಾಡಿ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಸರ್ಕಾರದವರು ಒಪ್ಪಿದ ಕೀಲಿಮಣೆಗೆ ಅದೇ ಆಧಾರವಾಯಿತು. ನುಡಿಯಲ್ಲಿಯೂ ಅದೇ, ಬರಹದಲ್ಲಿಯೂ ಅದು ಉಂಟು. ಅದರ ಫಲವೇನು? ಒಂದು ಕಡೆ ಟೈಪು ಕಲಿತ ಹುಡುಗಿ ಇನ್ನೊಂದು ಅಂಗಡಿಗೆ ಕೆಲಸಕ್ಕೆ ಹೋದರೆ ಬೆರಳುಗಳನ್ನು ಹೊಸದಾಗಿ ಪಳಗಿಸಬೇಕಾಗಿಲ್ಲ. ಅವಳ ಬೆರಳು ಊರೂರು ತಿರುಗಬಲ್ಲುದು. ಅವಳು ಟೈಪು ಮಾಡಿದ ಬರಹ ಮಾತ್ರ ಪಕ್ಕದ ಅಂಗಡಿಗೂ ಹೋಗಲಾರದು! ಕೀಲಿಮಣೆಯನ್ನು ಒಬ್ಬರು ಬಿಟ್ಟುಕೊಟ್ಟರು, ಗೂಡುಗಳ ಕ್ರಮವನ್ನು ಕಂಪನಿಗಳು ಬಿಟ್ಟುಕೊಡಲಿಲ್ಲ. ವ್ಯತ್ಯಾಸ ಇಷ್ಟೇ.

ನುಡಿ, ಬರಹಗಳು ಪುಕ್ಕಟೆ ಸಿಕ್ಕವಲ್ಲ ಎನ್ನುವವರಿದ್ದಾರೆ. ನಿಜ. ಶೇಷಾದ್ರಿವಾಸು ಅವರ ಬರಹ 1998ರ ಜನವರಿ 1ರಂದು ಮೊದಲು ಹೊರಬಂದಾಗ ಅದು ಸಾವಿರಾರು ಜನ ಕನ್ನಡಿಗರಿಗೆ ದೊಡ್ಡ ಉಪಕಾರವಾಯಿತು. ಬಹುಕಾಲ ಪುಕ್ಕಟೆಯಾಗಿದ್ದ ಮೇಲೆ ಅದರ ಮುಂದಿನ ಆವೃತ್ತಿಗಳಿಗೆ ಬೆಲೆ ಇಟ್ಟರು. ದುಡಿದವರು ಕೂಲಿ ಕೇಳುವುದನ್ನು ಈ ಪತ್ರಿಕೆ ಎಂದೂ ತಪ್ಪೆಂದಿಲ್ಲ. ನುಡಿಯನ್ನು ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ ಮಾಡಿಕೊಟ್ಟರು, ಕಚೇರಿ ಕಚೇರಿಗಳಲ್ಲಿ ಅದು ನಡೆಯಿತು. ಆದರೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಮದುವೆ ಮನೆಯಲ್ಲಿ ಊಟ ಪುಕ್ಕಟೆ. ಅಡಿಗೆಯವನು ಏನು ಹಾಕಿದನೆಂದು ಕೇಳುವ ಹಾಗಿಲ್ಲ, ಮಿಕ್ಕಿದ್ದನ್ನು ಕಟ್ಟಿಕೊಂಡು ಹೋಗುವ ಹಾಗಿಲ್ಲ. ಮುಕ್ತ ತಂತ್ರಾಂಶವೆಂದರೆ ಅಡಿಗೆಯ ವಿಧಾನವನ್ನೂ ಬರೆದು ಕೊಟ್ಟು, ನಿಮ್ಮ ಮನೆಯಲ್ಲಿ ಮಾಡಿಕೊಳ್ಳಿ, ಉಪ್ಪು ಹೆಚ್ಚೆನಿಸಿದರೆ ಕಡಿಮೆ ಮಾಡಿ, ನೆರೆಯವರಿಗೂ ಹಂಚಿ ಎನ್ನುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಕೇದಗೆ, ಮಲ್ಲಿಗೆ ಎಂಬ ಅಕ್ಷರ ಮಾದರಿಗಳೂ, ಆಮೇಲೆ ಬಂದ ಗುಬ್ಬಿ, ನವಿಲುಗಳೂ ಈ ಬಗೆಯವು. ಸರ್ಕಾರದ ಹಣದಲ್ಲಿ ಆದದ್ದೆಲ್ಲ ಮೊದಲಿನಿಂದ ಈ ಬಗೆಯದೇ ಆಗಿದ್ದಿದ್ದರೆ ಕನ್ನಡದ ದಾರಿ ಎಷ್ಟೋ ಸುಗಮವಾಗುತ್ತಿತ್ತು.

ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಪ್ರೊ. ಚಿದಾನಂದ ಗೌಡರ ಅಧ್ಯಕ್ಷತೆಯಲ್ಲಿ ಸರ್ಕಾರ ಕನ್ನಡ ತಂತ್ರಾಂಶ ಸಮಿತಿಯೊಂದನ್ನು ನೇಮಿಸಿತು. ಯೂನಿಕೋಡನ್ನು ರಾಜ್ಯದ ಶಿಷ್ಟತೆಯೆಂದು ಸರ್ಕಾರ ಒಪ್ಪಿದ್ದು 2012ರಲ್ಲಿ. ಅಂದರೆ ಗೂಡುಗಳು ನಿಶ್ಚಯವಾದ 21 ವರ್ಷದ ಮೇಲೆ! ಆ ನಡುವೆ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಮಠಗಳಲ್ಲಿ ಎಷ್ಟು ಕನ್ನಡ ಕಂಪನಿಯ ಗೂಡುಗಳಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದನ್ನು ಯಾರೂ ಎಣಿಸಿಟ್ಟಿಲ್ಲ. ಹಳೆಯದನ್ನು ಹೊಸದಕ್ಕೆ ತರುವ ಪರಿವರ್ತಕಗಳನ್ನು ಕೆಲವರು ಕನ್ನಡದ ಅಭಿಮಾನದಿಂದ ತಾವೇ ಕೂತು ಮಾಡಿದ್ದಾರೆ. ಒಂದೊಂದು ಅಚ್ಚುಮೊಳೆಯನ್ನೂ ಎತ್ತಿ ನೋಡಿ, ಇದು ಕಾಗುಣಿತ, ಇದು ಒತ್ತು, ಇದು ಅರ್ಕಾವೊತ್ತು ಎಂದು ಪಟ್ಟಿ ಮಾಡಬೇಕಾದ ಕೆಲಸ ಅದು.

ಈ "ಎತ್ತಿ ನೋಡುವ" ಕೆಲಸವೇ ಲೈಸೆನ್ಸಿಗೆ ಆಗದು. ಕಂಪನಿಗಳ ಬಹುಪಾಲು ಲೈಸೆನ್ಸುಗಳಲ್ಲಿ ಒಂದು ಷರತ್ತು ಇದ್ದೇ ಇರುತ್ತದೆ: ಈ ತಂತ್ರಾಂಶವನ್ನು ಬಿಚ್ಚಿ ನೋಡಕೂಡದು, ಅದು ಹೇಗೆ ಕೆಲಸ ಮಾಡುತ್ತದೆಂದು ಪತ್ತೆ ಹಚ್ಚಕೂಡದು. ಗಡಿಯಾರ ಕೊಂಡವನು ಅದನ್ನು ಬಿಚ್ಚಬಹುದು, ಪಂಪ್‌ಸೆಟ್ ಕೊಂಡವನು ಬಿಚ್ಚಬಹುದು, ಇದನ್ನು ಮಾತ್ರ ಬಿಚ್ಚಬಾರದು. ಏಕೆಂದರೆ ನೀವು ಕೊಂಡದ್ದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅಪ್ಪಣೆಯನ್ನು. ಸೊರಬ, ಸಾಗರದ ಗುಡಿಗಾರರಿಗೆ ಈ ನ್ಯಾಯ ಹೊಸದಲ್ಲ. ಟೀಪು ಸುಲ್ತಾನನ ಕಾಲದಿಂದ, 1792ರಿಂದ, ಶ್ರೀಗಂಧ ರಾಜವೃಕ್ಷ. ಮರ ನಿಮ್ಮ ಹಿತ್ತಿಲಿನಲ್ಲಿ ಹುಟ್ಟಿ, ನಿಮ್ಮ ನೀರು ಕುಡಿದು ಬೆಳೆದರೂ ಅದು ನಿಮ್ಮದಲ್ಲ. ಬೆಳೆದವನೇ ಅದರ ಒಡೆಯನೆಂದು ಕರ್ನಾಟಕ ಅರಣ್ಯ ಕಾನೂನಿಗೆ ತಿದ್ದುಪಡಿಯಾದದ್ದು 2001ರಲ್ಲಿ. ಅಲ್ಲಿಯವರೆಗೆ ರೈತರು ಗಂಧದ ಸಸಿ ಕಂಡರೆ ಕಿತ್ತು ಬಿಸಾಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಇರಲಿ.

ವಾಚಕರು ಗಮನಿಸಬೇಕಾದ ಸಂಗತಿ ಈಗ ಬರುತ್ತದೆ. ನಮ್ಮ ದೇಶದ ಕಾನೂನು ಈ ಬಿಚ್ಚಿ ನೋಡುವುದನ್ನು ಒಪ್ಪಿದೆ. 1957ರ ಕೃತಿಸ್ವಾಮ್ಯ ಕಾನೂನಿಗೆ 1999ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು 52ನೆಯ ಕಲಮಿಗೆ ಒಂದು ಖಂಡವನ್ನು ಸೇರಿಸಿತು. ಅದರ ಸಾರಾಂಶ ಇಷ್ಟು: ತಂತ್ರಾಂಶವನ್ನು ನ್ಯಾಯವಾಗಿ ಪಡೆದಿರುವವನು, ಬೇರೆಯಾಗಿ ರಚಿಸಿದ ಇನ್ನೊಂದು ತಂತ್ರಾಂಶವು ಇದರೊಡನೆ ಹೊಂದಿಕೊಂಡು ಕೆಲಸ ಮಾಡಲಿಕ್ಕೆ ಬೇಕಾದ ಮಾಹಿತಿಯನ್ನು ಪಡೆಯಲು ಅಗತ್ಯವಾದ ಕೆಲಸ ಮಾಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ, ಆ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗುವಂತಿರಬಾರದು, ಅಷ್ಟೆ. 2012ರಲ್ಲಿ ಡಿಜಿಟಲ್ ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಸಜೆ ಎಂಬ 65ಎ ಕಲಮನ್ನು ಸೇರಿಸಿದಾಗಲೂ, ಕಾನೂನು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದ ಕೆಲಸವನ್ನು ಅದರಿಂದ ಹೊರಗಿಟ್ಟರು. ಇಷ್ಟು ಒಳ್ಳೆಯ ಕಾನೂನು ನಮ್ಮಲ್ಲಿದೆಯೆಂದು ವಕೀಲರಲ್ಲಿಯೇ ಎಷ್ಟು ಜನರಿಗೆ ಗೊತ್ತು?

ಆದರೆ ಕೊಡುವ ಕೈಯಲ್ಲಿ ಒಂದು ಬೆರಳು ಮಡಿಚಿದೆ. ಕಾನೂನು ಕೊಟ್ಟ ಹಕ್ಕನ್ನು ಲೈಸೆನ್ಸಿನ ಷರತ್ತು ಕಿತ್ತುಕೊಳ್ಳಬಹುದೇ? ಯೂರೋಪಿನವರು 1991ರಲ್ಲಿಯೇ ಇದಕ್ಕೆ ನಿಯಮ ಮಾಡಿದಾಗ, ಪರಸ್ಪರ ಹೊಂದಿಕೆಗಾಗಿ ಬಿಚ್ಚಿ ನೋಡುವ ಹಕ್ಕಿಗೆ ವಿರುದ್ಧವಾದ ಯಾವ ಕರಾರೂ ಊರ್ಜಿತವಲ್ಲ ಎಂದು ಪ್ರತ್ಯೇಕವಾಗಿ ಬರೆದರು. ನಮ್ಮ 52ನೆಯ ಕಲಮಿನಲ್ಲಿ ಅಂಥ ವಾಕ್ಯವಿಲ್ಲ. ಆದುದರಿಂದ ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು "ಒಪ್ಪಿದೆ" ಎಂಬ ಗುಂಡಿ ಒತ್ತಿಸಿ ಕಂಪನಿ ಇನ್ನೊಂದು ಕೈಯಲ್ಲಿ ವಾಪಸು ಕೇಳುತ್ತದೆ. ಗೇಣಿ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು "ನೀನೇ ಒಪ್ಪಿದ್ದೀಯಲ್ಲ" ಎಂದವರ ನ್ಯಾಯವೂ ಇದೇ.

ಹೊಂದಿಕೆಯ ಮಾಹಿತಿಯನ್ನು ಕೊಡುತ್ತೇವೆ, ಆದರೆ ದುಡ್ಡು ಕೊಡಿ ಎನ್ನುವ ಇನ್ನೊಂದು ಉಪಾಯವಿದೆ. ಕೇಳಲಿಕ್ಕೆ ನ್ಯಾಯವಾಗಿ ಕಾಣುತ್ತದೆ. ಯೂರೋಪಿನಲ್ಲಿ ನಡೆದ ಒಂದು ದೊಡ್ಡ ವ್ಯಾಜ್ಯವನ್ನು ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಸಾಂಬಾ ಎಂಬ ಮುಕ್ತ ತಂತ್ರಾಂಶವಿದೆ. ಹೆಸರು ಕೇಳಿ ನಮ್ಮ ಸಾಂಬಶಿವನೆಂದು ತಿಳಿಯಬೇಡಿ, ಎಸ್.ಎಂ.ಬಿ. ಎಂಬ ಮೂರು ಅಕ್ಷರ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿ ಇಟ್ಟ ಹೆಸರು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಯಂತ್ರಗಳ ಜೊತೆ ಬೇರೆ ಯಂತ್ರಗಳು ಕಡತ ಹಂಚಿಕೊಳ್ಳಲು, ಪ್ರಿಂಟರು ಬಳಸಲು ಇದು ನೆರವಾಗುತ್ತದೆ. ಆ ಯಂತ್ರಗಳು ತಮ್ಮತಮ್ಮಲ್ಲಿ ಆಡುವ ಮಾತಿನ ವ್ಯಾಕರಣವನ್ನು ಕಂಪನಿ ಹೊರಗೆ ಕೊಡುತ್ತಿರಲಿಲ್ಲ. ಸಾಂಬಾದವರು ಪರದೇಶದ ಸಂತೆಯಲ್ಲಿ ಕೂತು ಭಾಷೆ ಕಲಿಯುವವರ ಹಾಗೆ, ಯಂತ್ರಗಳ ಮಾತನ್ನು ಕಿವಿಗೊಟ್ಟು ಕೇಳಿ ಕಲಿತರು.

ಯೂರೋಪಿಯನ್ ಆಯೋಗ 2004ರ ಮಾರ್ಚಿನಲ್ಲಿ ಮೈಕ್ರೋಸಾಫ್ಟಿಗೆ 49 ಕೋಟಿ 70 ಲಕ್ಷ ಯೂರೋ ದಂಡ ಹಾಕಿ, ಈ ಮಾಹಿತಿಯನ್ನು ಪ್ರತಿಸ್ಪರ್ಧಿಗಳಿಗೆ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಕಂಪನಿ ಕೊಡುತ್ತೇನೆಂದಿತು, ಆದರೆ ಮಾರಾಟದ ಮೇಲೆ ಶೇಕಡಾವಾರು ಪಾಲು ಕೇಳಿತು. ದಾರಿ ಮುಚ್ಚಿದ್ದು ಇಲ್ಲಿ. ಚಂದ್ರಗುತ್ತಿಯ ಜಾತ್ರೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವವರಿದ್ದಾರೆ. ಅವರ ಬಳಿಗೆ ಬಂದು "ಬಾವಿಯ ನೀರು ತೆಗೆದುಕೊಳ್ಳಿ, ಆದರೆ ಲೋಟಕ್ಕೆ ಇಷ್ಟು ಕಾಸು ನನಗೆ ಕೊಡಬೇಕು" ಎಂದರೆ ಏನಾದೀತು? ಸೋಡಾ ಅಂಗಡಿಯವನು ಆ ಕಾಸನ್ನು ಗಿರಾಕಿಯಿಂದ ವಸೂಲು ಮಾಡಿಯಾನು. ಅರವಟ್ಟಿಗೆಯವನು ಲೋಟ ಎಣಿಸುವುದಿಲ್ಲ, ಕುಡಿದವನು ಚೊಂಬಿನಲ್ಲಿ ಇನ್ನೊಬ್ಬನಿಗೆ ಒಯ್ದರೂ ಕೇಳುವುದಿಲ್ಲ. ಅವನು ಅಂಗಡಿ ಮುಚ್ಚಬೇಕು, ಇಲ್ಲವೇ ಅರವಟ್ಟಿಗೆಯೆಂಬ ಹೆಸರು ಬಿಡಬೇಕು. ಮುಕ್ತ ತಂತ್ರಾಂಶಕ್ಕೆ ಪ್ರತಿಗೆ ಇಷ್ಟೆಂದು ರಾಜಧನ ಕೇಳುವುದು ಹೀಗೆಯೇ. "ಎಲ್ಲರಿಗೂ ಸಮಾನ ಷರತ್ತು" ಎಂದು ಹೇಳುತ್ತಲೇ ಒಬ್ಬನನ್ನು ಮಾತ್ರ ಹೊರಗಟ್ಟುವ ಷರತ್ತು ಅದು.

2007ರ ಸೆಪ್ಟೆಂಬರಿನಲ್ಲಿ ಯೂರೋಪಿನ ನ್ಯಾಯಾಲಯ ಆಯೋಗದ ಆಜ್ಞೆಯ ಮುಖ್ಯ ಭಾಗವನ್ನು ಎತ್ತಿ ಹಿಡಿಯಿತು. ಆ ಮೇಲೆ ಪಾಲು ಕೇಳುವುದನ್ನು ಬಿಟ್ಟು, ಒಂದೇ ಸಲಕ್ಕೆ 10,000 ಯೂರೋ ಎಂದು ಗೊತ್ತಾಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾದವರ ಪರವಾಗಿ ಅಷ್ಟು ಹಣ ಕಟ್ಟಿ ಮಾಹಿತಿ ಪಡೆದರು. ಅದರಿಂದ ಬರೆದ ತಂತ್ರಾಂಶವನ್ನು ಮುಕ್ತವಾಗಿ ಹಂಚುವ ಹಕ್ಕನ್ನೂ ಉಳಿಸಿಕೊಂಡರು. ಅದುವರೆಗೆ ನ್ಯಾಯವಲ್ಲದ ಬೆಲೆ ಕೇಳುತ್ತ ಬಂದದ್ದಕ್ಕಾಗಿ ಆಯೋಗ 2008ರಲ್ಲಿ ಕಂಪನಿಯ ಮೇಲೆ 89 ಕೋಟಿ 90 ಲಕ್ಷ ಯೂರೋ ದಂಡವನ್ನು ಬೇರೆ ಹೇರಿತು. ಮುಂದೆ ನ್ಯಾಯಾಲಯ ಅದನ್ನು 86 ಕೋಟಿಗೆ ಇಳಿಸಿತು. ಈ ಹಣ ಕಂಪನಿಗೆ ಎಷ್ಟರದು ಎಂದು ನಗುವವರು ನಗಲಿ. ಶೇಕಡಾ ಪಾಲಿನಿಂದ ಒಂದೇ ಸಲದ ಹತ್ತು ಸಾವಿರಕ್ಕೆ ಇಳಿದದ್ದೇ ನಿಜವಾದ ಗೆಲುವು.

ನಮ್ಮ ಸರ್ಕಾರದವರ ನಡೆ ಹೇಗಿದೆ? ಕಾಗದದ ಮೇಲೆ ಚೆನ್ನಾಗಿದೆ. ಕಡತಗಳ ರೂಪಕ್ಕೆ ಸಂಬಂಧಿಸಿ ಮೈಕ್ರೋಸಾಫ್ಟ್ ತನ್ನದೊಂದು ರೂಪವನ್ನು ಅಂತರರಾಷ್ಟ್ರೀಯ ಶಿಷ್ಟತೆ ಮಾಡಿಸಲು ಹೊರಟಾಗ, 2007ರಲ್ಲಿಯೂ 2008ರಲ್ಲಿಯೂ ಭಾರತ ಬೇಡವೆಂದು ಮತ ಹಾಕಿತು. ಸೋತಿತು, ಅದು ಬೇರೆ ಮಾತು. 2010ರಲ್ಲಿ ಸರ್ಕಾರಿ ಆಡಳಿತಕ್ಕೆ ಮುಕ್ತ ಶಿಷ್ಟತೆಗಳ ನೀತಿ ಬಂತು: ಶಿಷ್ಟತೆಯ ಮೇಲೆ ಪೇಟೆಂಟು ಇದ್ದರೂ ಅದು ಆ ಶಿಷ್ಟತೆ ಇರುವಷ್ಟು ಕಾಲ ರಾಜಧನವಿಲ್ಲದೆ ಸಿಗಬೇಕು. 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಮೊದಲ ಮಣೆ ಎಂಬ ನೀತಿಯೂ ಬಂತು. ಎರಡು ವರ್ಷ ಕಳೆದು 2017ರಲ್ಲಿ ಜಿ.ಎಸ್.ಟಿ. ಬಂದಾಗ, ಸಣ್ಣ ವ್ಯಾಪಾರಿ ತನ್ನ ಬಿಲ್ಲುಗಳ ವಿವರ ತುಂಬಿಸಲೆಂದು ಸರ್ಕಾರವೇ ಕೊಟ್ಟ ಸಲಕರಣೆ ಏನು ಕೇಳಿತು? ವಿಂಡೋಸ್ ಬೇಕು, ಎಕ್ಸೆಲ್ ಬೇಕು. ತೆರಿಗೆ ಕಟ್ಟುವುದು ಕಾನೂನಿನ ಕರ್ತವ್ಯ; ಅದನ್ನು ಕಟ್ಟಲು ಒಂದು ಖಾಸಗಿ ಕಂಪನಿಯ ಗಿರಾಕಿಯಾಗುವುದೂ ಕರ್ತವ್ಯವೇ? ನೀತಿ ಬರೆದವರು ಒಂದು ಕೋಣೆಯಲ್ಲಿ, ಸಲಕರಣೆ ಮಾಡಿಸಿದವರು ಇನ್ನೊಂದು ಕೋಣೆಯಲ್ಲಿ ಕುಳಿತಿದ್ದರೋ ಏನೋ.

ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿರಿ. ಕೇರಳದವರು ಶಾಲೆಗಳ ಕಂಪ್ಯೂಟರುಗಳಲ್ಲಿ ಗ್ನು-ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನೇ ನಡೆಸಿಕೊಂಡು ಬಂದಿದ್ದಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠದ ಪುಸ್ತಕ ಕನ್ನಡದಲ್ಲಿಯೇ ಇದೆ. 2 ಲಕ್ಷ ಕಂಪ್ಯೂಟರುಗಳಿಗೆ ಲೈಸೆನ್ಸಿನ ಬಾಬತ್ತು 3,000 ಕೋಟಿ ರೂಪಾಯಿ ಉಳಿಯಿತೆಂದು 2019ರಲ್ಲಿ ಅಲ್ಲಿನ ಸರ್ಕಾರದವರೇ ಲೆಕ್ಕ ಹೇಳಿದರು. ಸರ್ಕಾರಿ ಲೆಕ್ಕವೆಂದು ಅರ್ಧಕ್ಕೆ ಇಳಿಸಿದರೂ ಅದು ಸಣ್ಣ ಹಣವಲ್ಲ. ಹಣಕ್ಕಿಂತ ಹೆಚ್ಚಾಗಿ, ಅಲ್ಲಿ ಉಪಾಧ್ಯಾಯರೇ ತಂತ್ರಾಂಶವನ್ನು ತಮ್ಮ ಶಾಲೆಗೆ ಹೊಂದಿಸಿಕೊಳ್ಳುವ ಪಾಠ ಕಲಿತರು.

ತಂತ್ರಾಂಶ ಬರೆಯುವವನೂ ಕೂಲಿಕಾರನೇ, ಎಲ್ಲ ಮುಕ್ತವಾದರೆ ಅವನ ಹೊಟ್ಟೆಪಾಡೇನು ಎಂದು ಶಿಕಾರಿಪುರದಲ್ಲಿ ಒಬ್ಬ ಯುವಕ ಕೇಳಿದ. ಆತ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಅವನ ಆತಂಕ ಸುಳ್ಳಲ್ಲ. ಆದರೆ ನಾನು ಇಲ್ಲಿ ಎಲ್ಲ ತಂತ್ರಾಂಶವನ್ನೂ ಬಿಟ್ಟಿ ಕೊಡಿ ಎನ್ನುತ್ತಿಲ್ಲ. ಬಡಗಿ ಪೆಟ್ಟಿಗೆ ಮಾಡಿ ಬೆಲೆ ತೆಗೆದುಕೊಳ್ಳಲಿ. ಒಳಗಿಟ್ಟ ನನ್ನ ಬಟ್ಟೆಬರೆ ತೆಗೆಯಲು ಪ್ರತಿ ಸಲವೂ ಬಡಗಿಯ ಅಪ್ಪಣೆ ಕೇಳಬೇಕೆಂಬುದು ಬೇಡ. ಬೆಲೆ ದುಡಿಮೆಗೆ ಇರಲಿ, ಬೀಗಕ್ಕೆ ಬೇಡ. ನಿಜ ನೋಡಿದರೆ ಬೀಗದ ಲಾಭ ಆ ಯುವಕನ ಸಂಬಳಕ್ಕೆ ಸೇರುವುದಿಲ್ಲ. ಅವನು ಬರೆದದ್ದರ ಹಕ್ಕನ್ನು ಕಂಪನಿ ಕೆಲಸಕ್ಕೆ ಸೇರುವ ದಿನವೇ ಬರೆಸಿಕೊಂಡಿರುತ್ತದೆ.

ಮುಕ್ತ ತಂತ್ರಾಂಶದವರ ಮನೆಯೂ ಪೂರ್ತಿ ಚೊಕ್ಕಟವಾಗಿಲ್ಲವೆಂದು ನ್ಯಾಯವಾಗಿ ಹೇಳಬೇಕು. ಅವರಲ್ಲಿಯೂ ನಾನಾ ಲೈಸೆನ್ಸುಗಳಿವೆ, ಕೆಲವು ಒಂದಕ್ಕೊಂದು ಕೂಡುವುದಿಲ್ಲ. 1991ರ ಜಿ.ಪಿ.ಎಲ್. ಎರಡನೆಯ ಆವೃತ್ತಿಯ ತಂತ್ರಾಂಶವನ್ನೂ 2004ರ ಅಪಾಚೆ ಲೈಸೆನ್ಸಿನ ತಂತ್ರಾಂಶವನ್ನೂ ಬೆರೆಸಿ ಒಂದು ಮಾಡಿ ಹಂಚಲಾಗದೆಂದು ಜಿ.ಪಿ.ಎಲ್. ಮಾಡಿದವರೇ ಹೇಳುತ್ತಾರೆ, 2007ರ ಮೂರನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿಕೊಂಡರು. ಒಂದೇ ತತ್ತ್ವದವರು ಎರಡು ಪಕ್ಷವಾಗಿ ಬೇರೆ ಬೇರೆ ಬಾವುಟ ಹಿಡಿಯುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಆದರೂ ಆ ಜಗಳ ಬೀದಿಯಲ್ಲಿ ನಡೆಯುತ್ತದೆ, ಷರತ್ತೂ ಮೂಲವೂ ಎಲ್ಲರ ಕಣ್ಣ ಮುಂದಿವೆ. ಒಡೆಯರ ಮನೆಯ ಕೊಳಗದ ಹಾಗೆ ಅಟ್ಟದ ಮೇಲೆ ಇಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಅಂಗಡಿಕಾರರಿಗೆ ಮೊದಲು ಹೇಳುತ್ತೇನೆ. ಲೆಕ್ಕದ ತಂತ್ರಾಂಶ ಮಾರಲು ಬಂದವನನ್ನು ಬೆಲೆ ಕೇಳುವ ಮೊದಲು ಇದನ್ನು ಕೇಳಿರಿ: ನಾಳೆ ನಿನ್ನದನ್ನು ಬಿಟ್ಟರೆ ನನ್ನ ಲೆಕ್ಕವಷ್ಟೂ, ಎಲ್ಲ ವರ್ಷದ್ದೂ, ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ನನ್ನ ಕೈಗೆ ಬರುತ್ತದೆಯೇ? ಬಾಯಿಮಾತು ಬೇಡ, ನಿಮ್ಮ ಮುಂದೆಯೇ ಒಂದು ತಿಂಗಳ ಲೆಕ್ಕವನ್ನು ಹೊರತೆಗೆದು ತೋರಿಸಲಿ. ವರ್ತಕರ ಸಂಘದವರೆಲ್ಲ ಕೂಡಿ ಕೇಳಿದರೆ ಮಾರುವವನು ದಾರಿಗೆ ಬರುತ್ತಾನೆ. ಒಬ್ಬೊಬ್ಬರೇ ಕೇಳಿದರೆ ನಗುತ್ತಾನೆ.

ಗಿರಣಿಯ ಸಂಗಾತಿಗಳು ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಕೂಲಿ, ರಜ, ಬೋನಸ್ಸಿನ ಜೊತೆಗೆ ಇನ್ನೊಂದು ಸಾಲು ಸೇರಿಸಬೇಕು. ಹಾಜರಿ ಮತ್ತು ಕೂಲಿಯ ದಾಖಲೆಯನ್ನು ಪ್ರತಿ ತಿಂಗಳೂ ಯಾರು ಬೇಕಾದರೂ ತೆರೆಯಬಹುದಾದ ರೂಪದಲ್ಲಿ ಕೆಲಸಗಾರರ ಸಂಘಕ್ಕೆ ಕೊಡತಕ್ಕದ್ದು. ತಂತ್ರಾಂಶ ಬದಲಾಯಿತೆಂಬುದು ಹಳೆಯ ದಾಖಲೆ ಇಲ್ಲವೆನ್ನಲು ಕಾರಣವಾಗಕೂಡದು.

ಪಾರ್ಲಿಮೆಂಟಿಗೆ ಹೋಗಿರುವ ನಮ್ಮ ಜಿಲ್ಲೆಯವರನ್ನು, ಅವರು ಯಾವ ಪಕ್ಷದವರೇ ಆಗಲಿ, ಕೇಳಬೇಕಾದದ್ದು ಒಂದೇ ವಾಕ್ಯ. 52ನೆಯ ಕಲಮಿನ ಆ ಖಂಡದ ಕೊನೆಗೆ "ಇದಕ್ಕೆ ವಿರುದ್ಧವಾದ ಯಾವ ಕರಾರೂ ಊರ್ಜಿತವಲ್ಲ" ಎಂದು ಸೇರಿಸಲಿ. ಬೆಂಗಳೂರಿನಲ್ಲಿರುವವರನ್ನು ಕೇಳಬೇಕಾದದ್ದು, ಸರ್ಕಾರದ ಹಣದಲ್ಲಿ ಆದ ಕನ್ನಡದ ಅಕ್ಷರ, ಪರಿವರ್ತಕ, ನಿಘಂಟುಗಳ ಮೂಲವನ್ನು ಮುಕ್ತ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಲಿ ಎಂಬುದು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಶಾನುಭೋಗರ ಮೋಡಿ ಅಕ್ಷರವನ್ನು ಓದಬಲ್ಲವನು ಊರಿಗೊಬ್ಬನಾದರೂ ಇರುತ್ತಿದ್ದ. ಕಂಪನಿಯ ಗುಟ್ಟಿನ ಅಕ್ಷರವನ್ನು ಓದಬಲ್ಲವನು ಆ ಕಂಪನಿಯ ತಂತ್ರಾಂಶ ಇರುವವರೆಗೆ ಮಾತ್ರ.

ಇವೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ನಮ್ಮ ಸಹಕಾರ ಸಂಘಗಳು, ವಾಚನಾಲಯಗಳು, ಯುವಕ ಮಂಡಲಗಳು, ಗುಡಿಗಳ ಸಮಿತಿಗಳು ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಸಿಟ್ಟ ನಡವಳಿಕೆ, ಸ್ಮರಣ ಸಂಚಿಕೆ, ಚಂದಾ ಪಟ್ಟಿಗಳು ಬೀರುಗಳಲ್ಲಿವೆ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ತಿರುಗಿಸಿಟ್ಟುಕೊಳ್ಳಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಅವುಗಳಲ್ಲಿ ಮುಕ್ತವಾದವೂ ಇವೆ. ತಿರುಗಿಸಿದ ಮೇಲೆ ಒಬ್ಬರು ಕೂತು ಓದಿ ನೋಡಬೇಕಾಗುತ್ತದೆ, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿರುತ್ತವೆ. ಹತ್ತನೆಯ ತರಗತಿ ಓದಿದ ಹುಡುಗರು ಹುಡುಗಿಯರು ಇಬ್ಬರಿದ್ದರೆ ಒಂದು ಸಂಘದ ಕಾಗದಪತ್ರಗಳು ರಜೆಯ ದಿನಗಳಲ್ಲಿ ಮುಗಿಯುತ್ತವೆ.